ನಿಮಗಿದು ಗೊತ್ತೇ? ಸೂತ್ರಗಳ ಅಚ್ಚು, ಟೆಕ್‌ನ ಅಚ್ಚುಕಟ್ಟು

ಸೀಸದ ಮೊಳೆಗಳ ಕಾಲದಲ್ಲಿ ಇಂಗ್ಲಿಷ್ ಅಚ್ಚುಕೂಟಗಳು ಗಣಿತದ ಹಸ್ತಪ್ರತಿಯನ್ನು ‘ಪೆನಾಲ್ಟಿ ಕಾಪಿ’ ಎನ್ನುತ್ತಿದ್ದವು. ಜೋಡಿಸಲು ಹೊತ್ತು ಹೆಚ್ಚು, ಕೂಲಿಯೂ ಹೆಚ್ಚು.

1977ರಲ್ಲಿ ಸ್ಟ್ಯಾನ್‌ಫರ್ಡ್‌ನ ಡೊನಾಲ್ಡ್ ಕನೂತ್ ತಮ್ಮ ‘ದಿ ಆರ್ಟ್ ಆಫ್ ಕಂಪ್ಯೂಟರ್ ಪ್ರೋಗ್ರಾಮಿಂಗ್’ ಎರಡನೇ ಸಂಪುಟದ ಹೊಸ ಆವೃತ್ತಿಯ ಕರಡಚ್ಚು ನೋಡಿ ನೊಂದುಕೊಂಡರು. ಹಳೆಯ ಆವೃತ್ತಿ ಮೊಳೆಯಲ್ಲಿ ಅಚ್ಚಾಗಿತ್ತು, ಹೊಸದು ಫೋಟೊ ಅಕ್ಷರಜೋಡಣೆ. ಅಕ್ಷರಗಳ ಅಂದ ಕೆಟ್ಟಿತ್ತು. ಜೋಡಣೆಯ ತಂತ್ರಾಂಶವನ್ನು ತಾವೇ ಬರೆಯಲು ಕೂತರು. ಕೆಲವೇ ತಿಂಗಳಲ್ಲಿ ಮುಗಿಯುತ್ತದೆ ಎಂದುಕೊಂಡ ಕೆಲಸ ಹೆಚ್ಚುಕಡಿಮೆ ಹತ್ತು ವರ್ಷ ಹಿಡಿಯಿತು. ಅದೇ ಟೆಕ್. ಹೆಸರಿನ ಕೊನೆಯ ಅಕ್ಷರ ಗ್ರೀಕಿನ ‘ಖೈ’, ಹಾಗಾಗಿ ‘ಟೆಕ್ಸ್’ ಅನ್ನುವುದು ತಪ್ಪು.

ಟೆಕ್‌ನಲ್ಲಿ ಸೂತ್ರದ ಎರಡೂ ತುದಿಗೆ ಡಾಲರ್ ಚಿಹ್ನೆ ಹಾಕಬೇಕು. ಏಕೆ? ಗಣಿತದ ಜೋಡಣೆ ದುಬಾರಿ ಎಂಬ ಹಳೆಯ ಮಾತಿಗೆ ಕನೂತ್ ಕೊಟ್ಟ ಗುರುತು ಅದು!

ನನಗೆ ಬಲು ಇಷ್ಟವಾದದ್ದು ತೆರಪಿನ ಲೆಕ್ಕ. ಸೂತ್ರದೊಳಗೆ ನೀವು ಎಷ್ಟು ಸಲ ಸ್ಪೇಸ್ ಒತ್ತಿದರೂ ಟೆಕ್ ಕಿವಿಗೆ ಹಾಕಿಕೊಳ್ಳುವುದಿಲ್ಲ. ಸಮ ಚಿಹ್ನೆಯ ಅಕ್ಕಪಕ್ಕ ಅಗಲ ತೆರಪು, ಕೂಡುವ ಚಿಹ್ನೆಗೆ ಅದಕ್ಕಿಂತ ತುಸು ಕಿರಿದು, ಅಲ್ಪವಿರಾಮದ ಬಳಿಕ ಇನ್ನೂ ಕಿರಿದು. ಎರಡು ಸಂಖ್ಯೆಗಳ ನಡುವೆ ಕಳೆಯುವ ಚಿಹ್ನೆ ಬಂದರೆ ಆಚೀಚೆ ಉಸಿರಾಡಲು ಜಾಗ. ಅದೇ ಚಿಹ್ನೆ ಋಣಸಂಖ್ಯೆಯ ಮುಂದೆ ಕೂತರೆ ಅಂಕಿಗೆ ಅಂಟಿಕೊಳ್ಳುತ್ತದೆ. ಒತ್ತುವ ಕೀಲಿ ಒಂದೇ, ಅರ್ಥ ಬೇರೆ, ತೆರಪೂ ಬೇರೆ. ಓದುವ ಕಣ್ಣಿಗೆ ಇಷ್ಟು ಮರ್ಯಾದೆ ಕೊಟ್ಟ ತಂತ್ರಾಂಶ ನಾನು ಬೇರೆ ಕಂಡಿಲ್ಲ.

ಹೊಸಬರು ಮೊದಲು ಎಡವುವುದು ಘಾತದಲ್ಲಿ. 2ರ ಮೇಲೆ 10 ಏರಿಸಲು ಹೋದರೆ 1 ಮಾತ್ರ ಮೇಲೇರಿ 0 ಕೆಳಗೇ ಉಳಿಯುತ್ತದೆ. ಎರಡಂಕಿಯನ್ನು ಪುಷ್ಪಾವರಣದೊಳಗೆ ಹಾಕಿ, ಸರಿಹೋಗುತ್ತದೆ. ಇನ್ನೊಂದು, ‘ಸೈನ್’. ಅದರ ಹಿಂದೆ ಬ್ಯಾಕ್‌ಸ್ಲ್ಯಾಶ್ ಮರೆತಿರೋ, ಎಸ್, ಐ, ಎನ್ ಎಂಬ ಮೂರು ಚರಾಕ್ಷರಗಳ ಗುಣಲಬ್ಧವೆಂದು ತಿಳಿದು ಟೆಕ್ ಓರೆ ಅಕ್ಷರದಲ್ಲಿ ಅಚ್ಚು ಹಾಕುತ್ತದೆ.

ಟೆಕ್‌ನ ಆವೃತ್ತಿ ಸಂಖ್ಯೆ ತಿದ್ದಿದಷ್ಟೂ ಪೈಗೆ ಹತ್ತಿರವಾಗುತ್ತದೆ. 2021ರಲ್ಲಿ ಅದು 3.141592653 ಆಯಿತು.

ಹೆಚ್ಚಿನವರು ಇಂದು ಬಳಸುವ ಲೇಟೆಕ್, ಟೆಕ್ ಮೇಲೆ ಲೆಸ್ಲಿ ಲ್ಯಾಂಪೋರ್ಟ್ 1980ರ ದಶಕದಲ್ಲಿ ಕಟ್ಟಿದ್ದು. ವಿಕಿಪೀಡಿಯದ ಸೂತ್ರಗಳೂ ಅದೇ ಬರಹದ ರೂಢಿಯವು.

ಕನ್ನಡದಲ್ಲಿ ಗಣಿತ ಬರೆಯಬೇಕೆ? ಯೂನಿಕೋಡ್ ಬಲ್ಲ ಝೀಟೆಕ್ ಇದೆ. ಕನ್ನಡದ ಯೂನಿಕೋಡ್ ಫಾಂಟೊಂದನ್ನು ಹೆಸರಿಸಿ, ಲಿಪಿ ಕನ್ನಡವೆಂದು ತಿಳಿಸಿದರೆ ಸಾಕು, ಒತ್ತಕ್ಷರಗಳು ತಮ್ಮ ಜಾಗದಲ್ಲಿ ಕೂರುತ್ತವೆ, ಪಕ್ಕದಲ್ಲೇ ವರ್ಗಮೂಲವೂ.