ತಪ್ಪು ಕೋಳಿಯದಲ್ಲ: ಗೌಟ್ ಇದ್ದವರ ಥಾಯ್ ಊಟ

ಥಾಯ್ಲೆಂಡ್‌ನಲ್ಲಿ ಯಾರಿಗಾದರೂ ಗೌಟ್ ಇದೆ ಎಂದು ಗೊತ್ತಾದ ಕೂಡಲೇ ಮನೆಯವರು, ಪಕ್ಕದ ಮನೆಯವರು, ಆಫೀಸಿನವರು ಎಲ್ಲರೂ ಹೇಳುವ ಮೊದಲ ಬುದ್ಧಿಮಾತು: ಇನ್ನು ಕೋಳಿ ಮುಟ್ಟಬೇಡ. ಕೋಳಿ ತಿಂದೇ ಗೌಟ್ ಬರುವುದು ಎಂಬ ನಂಬಿಕೆ ಅಲ್ಲಿ ಅಷ್ಟು ಗಟ್ಟಿ. ಅಲ್ಲಿನ ವೈದ್ಯರು ಇದು ಸರಿಯಲ್ಲ ಎಂದು ವರ್ಷಗಳಿಂದ ಹೇಳುತ್ತಲೇ ಇದ್ದಾರೆ. ಜನ ತಲೆಯಾಡಿಸಿ ಕೇಳಿ, ಮತ್ತೆ ಕೋಳಿಯನ್ನೇ ಬದಿಗೆ ಸರಿಸುತ್ತಾರೆ. ಹೀಗೆ ಕೋಳಿ ಬಿಟ್ಟ ಮನುಷ್ಯ ಹಂದಿಯ ಲಿವರ್ ಹಾಕಿದ ನೂಡಲ್ಸ್ ಸೂಪನ್ನು ಬಟ್ಟಲಿನ ತಳ ಕಾಣುವವರೆಗೂ ಕುಡಿದು, ಮೇಲೆ ಒಂದು ದೊಡ್ಡ ಲೋಟ ಸಿಹಿ ಚಹಾ ಹೀರಿ ನೆಮ್ಮದಿಯಿಂದ ಮನೆಗೆ ಹೋಗುತ್ತಾನೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದು ಎಂದರೆ ಇದೇ.

ಕೋಳಿಯ ಹೆಸರು ಕೆಟ್ಟಿದ್ದು ಸಹವಾಸದೋಷದಿಂದ ಎಂದು ನನ್ನ ಗುಮಾನಿ. ಸಂಜೆ ಹೊತ್ತು ರಸ್ತೆಬದಿಯಲ್ಲಿ ಕೆಂಡದ ಮೇಲೆ ಸುಟ್ಟ ಕೋಳಿ, ಅಂದರೆ ‘ಕೈ ಯಾಂಗ್’. ಪಕ್ಕದಲ್ಲಿ ಪಪ್ಪಾಯಿ ಕಾಯಿಯ ಸೋಮ್ ತಾಮ್, ಬಿದಿರಿನ ಪುಟ್ಟ ಬುಟ್ಟಿಯಲ್ಲಿ ಅಂಟಕ್ಕಿಯ ಅನ್ನ, ಐಸ್ ತುಂಡು ಹಾಕಿದ ಬಿಯರ್. ನಡುರಾತ್ರಿ ಕಾಲಿನ ಹೆಬ್ಬೆರಳು ಕೆಂಪಗೆ ಊದಿ, ಹೊದಿಕೆಯ ಅಂಚು ತಾಗಿದರೂ ಜೀವ ಹೋಗುವಂಥ ನೋವು ಶುರುವಾದಾಗ ಬಿಯರ್ ನೆನಪಾಗುವುದಿಲ್ಲ, ಕೋಳಿ ನೆನಪಾಗುತ್ತದೆ.

ಗೌಟ್‌ನ ಮೂಲ ಯೂರಿಕ್ ಆಸಿಡ್. ನಮ್ಮ ಜೀವಕೋಶಗಳಲ್ಲೂ ತಿನ್ನುವ ಆಹಾರದಲ್ಲೂ ಇರುವ ಪ್ಯೂರಿನ್ ಎಂಬ ಅಂಶ ಒಡೆದಾಗ ಇದು ಹುಟ್ಟುತ್ತದೆ. ಬಹುಪಾಲು ಸಸ್ತನಿಗಳಲ್ಲಿ ಯೂರಿಕ್ ಆಸಿಡನ್ನು ಇನ್ನಷ್ಟು ಒಡೆಯುವ ಯೂರಿಕೇಸ್ ಎಂಬ ಕಿಣ್ವವಿದೆ. ಮನುಷ್ಯ ಅದನ್ನು ವಿಕಾಸದ ಹಾದಿಯಲ್ಲಿ ಕಳೆದುಕೊಂಡಿದ್ದಾನೆ. ಹಾಗಾಗಿ ಮೂರರಲ್ಲಿ ಎರಡು ಪಾಲನ್ನು ಮೂತ್ರಪಿಂಡವೇ ಹೊರಹಾಕಬೇಕು, ಉಳಿದದ್ದು ಕರುಳಿನ ದಾರಿ ಹಿಡಿಯುತ್ತದೆ. ರಕ್ತದಲ್ಲಿ ಇದರ ಪ್ರಮಾಣ ಡೆಸಿಲೀಟರಿಗೆ 6.8 ಮಿಲಿಗ್ರಾಂ ದಾಟಿತೆಂದರೆ ಸೂಜಿಯಂಥ ಹರಳು ಕಟ್ಟಲು ಅವಕಾಶವಾಯಿತು. ದೇಹದ ತಂಪು ಭಾಗಗಳಲ್ಲಿ ಅದು ಬೇಗ ಹರಳುಗಟ್ಟುವುದರಿಂದ ಮೊದಲ ಪೆಟ್ಟು ಸಾಮಾನ್ಯವಾಗಿ ಕಾಲಿನ ಹೆಬ್ಬೆರಳಿಗೆ. ಇಲ್ಲಿ ಮರೆಯಬಾರದ ಸಂಗತಿಯೊಂದಿದೆ: ಪ್ಯೂರಿನ್‌ನ ಸುಮಾರು ಮೂರನೇ ಒಂದು ಪಾಲು ಮಾತ್ರ ಊಟದಿಂದ ಬರುತ್ತದೆ. ಮಿಕ್ಕಿದ್ದು ದೇಹದ ಸ್ವಂತ ಉತ್ಪಾದನೆ. ಆದ್ದರಿಂದ ಪಥ್ಯಕ್ಕೆ ಒಂದು ಮಿತಿ ಇದ್ದೇ ಇದೆ. ಆ ಮಿತಿಯೊಳಗೆ ಥಾಯ್ ಅಡುಗೆಯಲ್ಲಿ ಏನನ್ನು ಬಿಡಬೇಕು, ಏನನ್ನು ಸುಮ್ಮನೆ ಬಿಡುತ್ತಿದ್ದೇವೆ ಎಂಬುದು ನೋಡತಕ್ಕ ವಿಷಯ.

ನೂಡಲ್ಸ್ ಅಂಗಡಿಯಿಂದಲೇ ಶುರು ಮಾಡೋಣ. ಬೆಳಿಗ್ಗೆಯಿಂದ ದೊಡ್ಡ ಪಾತ್ರೆಯಲ್ಲಿ ಮೂಳೆ ಕುದಿಯುತ್ತಿರುತ್ತದೆ. ಪ್ಯೂರಿನ್ ನೀರಿನಲ್ಲಿ ಕರಗುವ ವಸ್ತು. ಮಾಂಸ, ಮೂಳೆ, ಕರುಳು ಕುದಿದಷ್ಟೂ ಅದು ತುಂಡಿನಿಂದ ಸಾರಿಗೆ ಇಳಿಯುತ್ತದೆ. ತುಂಡು ಬಿಟ್ಟು ‘ಬರೀ ಸೂಪ್ ಕುಡಿದೆ’ ಎನ್ನುವವರು ಕೆಟ್ಟದ್ದನ್ನೇ ಆರಿಸಿಕೊಂಡಂತಾಯಿತು. ದೋಣಿ ನೂಡಲ್ಸ್ ಎಂದು ಹೆಸರಾದ ‘ಕುವೈತಿಯಾವ್ ರುಆ’ದ ಸಾರು ಗಾಢವಾಗುವುದು ಹಸಿ ರಕ್ತ ಬೆರೆಸುವುದರಿಂದ. ‘ಕುವೈ ಜಪ್’ ಎಂಬ ಸುರುಳಿ ನೂಡಲ್ಸ್‌ನಲ್ಲಿ ಹಂದಿಯ ಲಿವರ್, ಹೃದಯ, ಕರುಳು ಎಲ್ಲ ಇರುತ್ತವೆ. ನೂರು ಗ್ರಾಂ ಕೋಳಿ ಲಿವರ್‌ನಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಪ್ಯೂರಿನ್ ಇದೆ, ಹಂದಿಯ ಲಿವರ್ ಅದಕ್ಕಿಂತ ಸ್ವಲ್ಪವೇ ಕಡಿಮೆ. ಜಪಾನಿನ ಗೌಟ್ ಮಾರ್ಗಸೂಚಿ ಇಡೀ ದಿನಕ್ಕೆ ಹಾಕಿಕೊಟ್ಟ ಮಿತಿಯೇ 400 ಮಿಲಿಗ್ರಾಂ. ಹಾಗೆಂದು ಅಂಗಡಿಯಿಂದ ಎದ್ದು ಬರಬೇಕಿಲ್ಲ. ಅದೇ ನೂಡಲ್ಸನ್ನು ‘ಹೇಂಗ್’ ಎಂದು, ಅಂದರೆ ಸಾರಿಲ್ಲದೆ ಕೇಳಬಹುದು. ‘ಮಾಯ್ ಸಾಯ್ ಕ್ರುಆಂಗ್ ನಾಯ್’ ಎಂದರೆ ಲಿವರ್, ಕರುಳು ಹಾಕಬೇಡಿ ಎಂದು ಅರ್ಥ. ಅಂಗಡಿಯವರು ಬೇಸರಿಸುವುದಿಲ್ಲ. ಅಲ್ಲಿ ಪ್ರತಿ ಗಿರಾಕಿಯೂ ಏನಾದರೊಂದು ಹೇಳಿಯೇ ಹೇಳುತ್ತಾನೆ.

ಪಾಪದ ಕೋಳಿಗೆ ಬರೋಣ. ‘ಖಾವ್ ಮನ್ ಕೈ’ ಎಂದರೆ ಕೋಳಿಯ ಜಿಡ್ಡು ಮತ್ತು ಸಾರಿನಲ್ಲೇ ಬೆಂದ ಅನ್ನ, ಮೇಲೆ ಹೋಳು ಮಾಡಿದ ಬೇಯಿಸಿದ ಕೋಳಿ, ಬದಿಗೆ ಸೌತೆಕಾಯಿ, ಜೊತೆಗೊಂದು ಪುಟ್ಟ ಬಟ್ಟಲು ಸೂಪ್. ಎಷ್ಟೋ ಕಡೆ ತಟ್ಟೆಯ ಅಂಚಿನಲ್ಲಿ ಎರಡು ತುಂಡು ಲಿವರ್, ಹೆಪ್ಪುಗಟ್ಟಿಸಿದ ರಕ್ತದ ಚೌಕ ತುಂಡುಗಳೂ ಇರುತ್ತವೆ. ಲಿವರ್, ರಕ್ತ, ಸೂಪ್ ಇಷ್ಟನ್ನು ಬಿಟ್ಟರೆ ಉಳಿದದ್ದು ಗೌಟ್ ಹತೋಟಿಯಲ್ಲಿರುವವರಿಗೆ ಮಿತವಾಗಿ ಸಲ್ಲುವ ಊಟವೇ. ಕೋಳಿ ಮಾಂಸದಲ್ಲಿ ಪ್ಯೂರಿನ್ ಇಲ್ಲವೆಂದಲ್ಲ, ಆದರೆ ಕುರಿ, ಹಂದಿ, ದನದ ಮಾಂಸದ ಸಾಲಿನಲ್ಲಿ ಅದೊಂದನ್ನೇ ಎತ್ತಿ ಗಲ್ಲಿಗೇರಿಸಲು ಕಾರಣವಿಲ್ಲ.

ಮೀನಿನ ವಿಷಯ ಇಷ್ಟು ಸಲೀಸಲ್ಲ. ಥಾಯ್ ಮನೆಗಳ ನಿತ್ಯದ ಮೀನು ‘ಪ್ಲಾ ಥು’. ನಮ್ಮ ಕರಾವಳಿಯ ಬಂಗುಡೆಗೂ ಇದಕ್ಕೂ ಕುಲ ಒಂದೇ, ಜಾತಿ ಬೇರೆ. ಸಮುತ್ ಸೊಂಖ್ರಾಮ್ ಪ್ರಾಂತ್ಯದ ಮೆ ಕ್ಲೋಂಗ್ ಮಾರುಕಟ್ಟೆಯಲ್ಲಿ ಈ ಮೀನನ್ನು ಬೇಯಿಸಿ, ಬಿದಿರಿನ ದುಂಡು ಬುಟ್ಟಿಗಳಲ್ಲಿ ಎರಡೋ ಮೂರೋ ಜೋಡಿಸಿ ಮಾರುತ್ತಾರೆ. ಬುಟ್ಟಿಯಲ್ಲಿ ಕೂರಲೆಂದು ಒಂದೊಂದರ ಕತ್ತನ್ನೂ ಕೆಳಗೆ ಬಾಗಿಸಿರುವುದರಿಂದ ಎಲ್ಲವೂ ತಲೆ ತಗ್ಗಿಸಿ ಮುನಿಸಿಕೊಂಡಂತೆ ಕಾಣುತ್ತವೆ. ಇದನ್ನು ಹುರಿದು ಸಿಗಡಿ ಗೊಜ್ಜಿನ ಚಟ್ನಿ ‘ನಾಮ್ ಪ್ರಿಕ್ ಕಪಿ’ ಜೊತೆ ತಿನ್ನುವುದು ಅಲ್ಲಿನ ರೂಢಿ. ಬಂಗುಡೆ, ಬೂತಾಯಿಯಂಥ ಮೀನುಗಳಲ್ಲಿ ಪ್ಯೂರಿನ್ ಜಾಸ್ತಿ. ಹೃದಯಕ್ಕೆ ಒಳ್ಳೆಯದೆಂದು ವೈದ್ಯರೇ ಹೊಗಳುವ ಮೀನು ಇದು, ಹಾಗಾಗಿ ಪೂರ್ತಿ ಬಿಡಿ ಎನ್ನಲು ಮನಸ್ಸು ಬಾರದು. ಅಪರೂಪಕ್ಕೊಂದು ತಿನ್ನಬಹುದು, ನೋವಿದ್ದಾಗ ಮಾತ್ರ ಬೇಡವೇ ಬೇಡ. ಒಣ ಸಿಗಡಿ ಇನ್ನೂ ಜೋರು. ನೀರು ಆರಿ ಹೋದ ಮೇಲೆ ಉಳಿಯುವುದೆಲ್ಲ ಸಾರಸತ್ವವೇ ಆದ್ದರಿಂದ ಒಂದು ಹಿಡಿಯಲ್ಲಿ ಬಹಳ ಪ್ಯೂರಿನ್ ಅಡಗಿರುತ್ತದೆ. ಸೋಮ್ ತಾಮ್, ಪ್ಯಾಡ್ ಥಾಯ್ ಎರಡಕ್ಕೂ ಇದು ಬೀಳುತ್ತದೆ.

ಸಣ್ಣ ಮೀನನ್ನೂ ಉಪ್ಪನ್ನೂ ಬೆರೆಸಿ ತಿಂಗಳುಗಟ್ಟಲೆ ಹುದುಗಿಸಿ ತೆಗೆಯುವ ಮೀನಿನ ಸಾಸ್ ‘ನಾಮ್ ಪ್ಲಾ’ ಇಲ್ಲದೆ ಥಾಯ್ ಅಡುಗೆಯೇ ಇಲ್ಲ. ಗೌಟ್ ಇದ್ದವರು ಇದಕ್ಕೆ ಹೆದರುವುದು ಹೆಚ್ಚು. ಒಂದು ತಟ್ಟೆಗೆ ಬೀಳುವುದು ಒಂದೆರಡು ಚಮಚ, ಅದರಿಂದ ಬರುವ ಪ್ಯೂರಿನ್ ಅತ್ಯಲ್ಪ. ಚಿಂತೆ ಇರಬೇಕಾದ್ದು ಅದರ ಉಪ್ಪಿನ ಬಗ್ಗೆ, ಏಕೆಂದರೆ ಗೌಟ್ ಮತ್ತು ಬಿ.ಪಿ. ಜೋಡಿಯಾಗಿ ಬರುವುದು ಸಾಮಾನ್ಯ.

ತೋಮ್ ಯಮ್ ಕುಂಗ್ ಸೂಪನ್ನು ಯುನೆಸ್ಕೊ 2024ರ ಡಿಸೆಂಬರ್‌ನಲ್ಲಿ ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಸಿಗಡಿಯ ತಲೆಯನ್ನೂ ಅದರ ಕೊಬ್ಬನ್ನೂ ಕುದಿಸಿ ಬರಿಸುವ ರುಚಿ ಅದು. ಥಾಯ್ಲೆಂಡ್‌ಗೆ ಹೋದವರು ಒಮ್ಮೆ ಸವಿಯಲಿ, ಬಟ್ಟಲು ಬರಿದು ಮಾಡುವುದು ಬೇಡ. ಅದೇ ಮಜ್ಜಿಗೆಹುಲ್ಲು, ಅದೇ ನಿಂಬೆ ಎಲೆ, ಅದೇ ಖಾರ ಇರುವ ಅಣಬೆಯ ತೋಮ್ ಯಮ್ ಕೂಡ ಸಿಗುತ್ತದೆ.

ಅಣಬೆಯೂ ಗೌಟ್‌ಗೆ ಆಗದು ಎಂದು ಎಷ್ಟೋ ಪಥ್ಯದ ಪಟ್ಟಿಗಳು ಹೇಳುತ್ತವೆ. ಥಾಯ್ಲೆಂಡ್‌ನಲ್ಲಂತೂ ಎಳೆ ಕುಡಿಗಳೆಲ್ಲ ನಿಷಿದ್ಧ: ನಮ್ಮ ಸೀಗೆಯ ಬಂಧುವಾದ ‘ಚ ಓಮ್’ ಚಿಗುರು, ಸುಬಾಬುಲ್ ಕುಡಿ, ಶತಾವರಿ ಜಾತಿಯ ಆಸ್ಪರಾಗಸ್. ಇವುಗಳಲ್ಲಿ ಪ್ಯೂರಿನ್ ಇರುವುದು ನಿಜ. ಆದರೆ 2004ರಲ್ಲಿ ಹ್ಯೊನ್ ಚೊಯ್ ಮತ್ತು ಸಂಗಡಿಗರು ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಪ್ರಕಟಿಸಿದ ಅಧ್ಯಯನ ಈ ಲೆಕ್ಕವನ್ನೇ ತಲೆಕೆಳಗು ಮಾಡಿತು. ಅಮೆರಿಕದ 47,150 ಪುರುಷರನ್ನು 12 ವರ್ಷ ಗಮನಿಸಿದಾಗ ಮಾಂಸ ಮತ್ತು ಸಮುದ್ರದ ಆಹಾರ ಹೆಚ್ಚು ತಿಂದವರಲ್ಲಿ ಗೌಟ್ ಹೆಚ್ಚು ಕಂಡಿತು. ಪ್ಯೂರಿನ್ ತುಂಬಿದ ತರಕಾರಿ ತಿಂದವರಲ್ಲಿ ಹಾಗೇನೂ ಆಗಿರಲಿಲ್ಲ. ಹಾಲಿನ ಪದಾರ್ಥ ಬಳಸುವವರಲ್ಲಿ ಗೌಟ್ ಕಡಿಮೆಯೇ ಇತ್ತು. ಈಗಲೂ ಆ ಹಳೆಯ ಪಟ್ಟಿಗಳನ್ನು ಹಂಚುತ್ತಿರುವುದು ನನಗಂತೂ ಅರ್ಥವಾಗದ ಸಂಗತಿ. ಚ ಓಮ್ ಹಾಕಿದ ಮೊಟ್ಟೆ ದೋಸೆಯಂಥ ಒಳ್ಳೆಯ ತಿನಿಸನ್ನು ರೋಗಿಯಿಂದ ಕಿತ್ತುಕೊಂಡರೆ ಅವನ ಕೈ ಹೋಗುವುದು ಇನ್ನೆಲ್ಲಿಗೋ.

ಹೋಗುವುದು ಸಿಹಿಗೆ. ಥಾಯ್ ನೂಡಲ್ಸ್ ಅಂಗಡಿಯ ಮೇಜಿನ ಮೇಲೆ ನಾಲ್ಕು ಡಬ್ಬಿಗಳ ಒಂದು ಜೋಡಣೆ ಇರುತ್ತದೆ: ಮೀನಿನ ಸಾಸ್, ಮೆಣಸಿನ ಪುಡಿ, ಮೆಣಸಿನಕಾಯಿ ನೆನೆಸಿದ ವಿನಿಗರ್, ನಾಲ್ಕನೆಯದು ಸಕ್ಕರೆ. ಖಾರದ ಸೂಪಿಗೆ ಚಮಚ ತುಂಬ ಸಕ್ಕರೆ ಸುರಿಯುವುದನ್ನು ನೋಡಿದ ನಮ್ಮವರು ಬೆಚ್ಚಿಬೀಳುತ್ತಾರೆ. ಸೋಮ್ ತಾಮ್ ಮಾಡುವಾಗಲೂ ಅಷ್ಟೇ: ಮಣ್ಣಿನ ಒರಳಿಗೆ ಬೆಳ್ಳುಳ್ಳಿ, ಮೆಣಸಿನಕಾಯಿ ಹಾಕಿ ಮರದ ಒನಕೆಯಿಂದ ಜಜ್ಜಿ, ತಾಳೆ ಬೆಲ್ಲದ ಒಂದು ಉಂಡೆ ಹಾಕಿ, ನಿಂಬೆ ಹಿಂಡಿ, ಕೊನೆಗೆ ತುರಿದ ಪಪ್ಪಾಯಿ ಸೇರಿಸಿ ಮೆಲ್ಲನೆ ಕುಟ್ಟುತ್ತಾರೆ. ಸಕ್ಕರೆಯ ಅರ್ಧಭಾಗ ಫ್ರಕ್ಟೋಸ್. ಯಕೃತ್ತು ಇದನ್ನು ಅರಗಿಸುವಾಗ ಜೀವಕೋಶದ ಶಕ್ತಿಯ ಅಣುಗಳೇ ಒಡೆದು ಯೂರಿಕ್ ಆಸಿಡ್ ಆಗುತ್ತವೆ. ಅಂದರೆ ಒಂದು ಚೂರೂ ಪ್ಯೂರಿನ್ ಇಲ್ಲದ ಸಕ್ಕರೆ ಗೌಟ್ ಕೆರಳಿಸಬಲ್ಲದು. 2008ರಲ್ಲಿ ಅದೇ ಚೊಯ್ ಮತ್ತು ಗ್ಯಾರಿ ಕರ್ಹಾನ್ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ನಲ್ಲಿ ಬರೆದಂತೆ, ದಿನಕ್ಕೆ ಎರಡು ಅಥವಾ ಹೆಚ್ಚು ಬಾರಿ ಸಿಹಿ ತಂಪು ಪಾನೀಯ ಕುಡಿಯುವ ಪುರುಷರಲ್ಲಿ ಗೌಟ್ ಅಪಾಯ ಶೇ 85ರಷ್ಟು ಹೆಚ್ಚು. ಕೇಸರಿ ಬಣ್ಣದ ಥಾಯ್ ಚಹಾ ‘ಚಾ ಯೆನ್’ ಸಕ್ಕರೆ, ಕಂಡೆನ್ಸ್ಡ್ ಮಿಲ್ಕ್ ಎರಡನ್ನೂ ಹೊತ್ತು ಬರುತ್ತದೆ. ಹಾಲಿದೆಯಲ್ಲ ಎಂದು ಸಮಾಧಾನ ಮಾಡಿಕೊಳ್ಳಬೇಡಿ. ‘ವಾನ್ ನೋಯ್’ ಎಂದರೆ ಸಿಹಿ ಕಡಿಮೆ, ‘ಮಾಯ್ ವಾನ್’ ಎಂದರೆ ಸಿಹಿ ಬೇಡ. ಥಾಯ್ ಸರ್ಕಾರವೇ 2017ರಲ್ಲಿ ಸಿಹಿ ಪಾನೀಯಗಳ ಮೇಲೆ ಸಕ್ಕರೆಯ ಅಂಶ ನೋಡಿ ತೆರಿಗೆ ಹಾಕಿದೆ.

ಬಿಯರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಆಲ್ಕೋಹಾಲ್ ಯೂರಿಕ್ ಆಸಿಡ್ ಹೊರಹೋಗುವುದನ್ನು ತಡೆಯುತ್ತದೆ, ಬಿಯರ್ ತನ್ನದೇ ಪ್ಯೂರಿನ್ ಕೂಡ ಸೇರಿಸುತ್ತದೆ. ಬಿಸಿಲಿನಲ್ಲಿ ಬೆವರಿ ನೀರಿಳಿದ ದೇಹಕ್ಕೆ ಅದು ಬಿದ್ದರೆ ರಾತ್ರಿ ಕಾಯುವುದಷ್ಟೇ ಉಳಿದದ್ದು.

ಹಾಗಾದರೆ ಏನು ತಿನ್ನಬೇಕು? ಥಾಯ್ಲೆಂಡ್‌ನ ಯಾವ ಬೀದಿಯಲ್ಲೂ ‘ಆಹಾನ್ ತಾಮ್ ಸಂಗ್’ ಅಂಗಡಿಗಳಿರುತ್ತವೆ. ನೀವು ಹೇಳಿದ್ದನ್ನು ನಿಮ್ಮೆದುರೇ ಬಾಣಲೆಯಲ್ಲಿ ಮಾಡಿಕೊಡುವ ಜಾಗ. ಅಲ್ಲಿನ ‘ಖಾಯ್ ಚಿಯಾವ್’, ಅಂದರೆ ಉಬ್ಬಿಸಿ ಕರಿದ ಆಮ್ಲೆಟ್ ಮತ್ತು ಅನ್ನ, ಗೌಟ್ ಇದ್ದವರಿಗೆ ಹೇಳಿಮಾಡಿಸಿದ್ದು. ಮೊಟ್ಟೆಯಲ್ಲಿ ಪ್ಯೂರಿನ್ ಇಲ್ಲವೆನ್ನುವಷ್ಟು ಕಡಿಮೆ. ಎಣ್ಣೆ ಕಡಿಮೆ ಎಂದು ಹೇಳಿದರಾಯಿತು. ಬೆಳ್ಳುಳ್ಳಿ, ಮೆಣಸಿನಕಾಯಿ ಹಾಕಿ ಜೋರು ಉರಿಯಲ್ಲಿ ಹುರಿದ ‘ಪಕ್ ಬುಂಗ್’ ಸೊಪ್ಪು, ತೋಫು ಹಾಕಿದ ಹಸಿರು ಕರಿ, ಗೋಡಂಬಿ ಹಾಕಿ ಹುರಿದ ತರಕಾರಿ ಎಲ್ಲ ಸಲ್ಲುತ್ತವೆ. ಸಸ್ಯಾಹಾರಿಗಳಿಗೆ, ಅವರಷ್ಟೇ ಗೌಟ್ ಇದ್ದವರಿಗೂ ದೊಡ್ಡ ಆಸರೆ ಹಳದಿ ಬಾವುಟದ ‘ಜೇ’ ಅಂಗಡಿಗಳು. ಅಲ್ಲಿ ಮಾಂಸ, ಮೀನಿನ ಸಾಸ್, ಮೊಟ್ಟೆ ಏನೂ ಇಲ್ಲ. ವರ್ಷಕ್ಕೊಮ್ಮೆ ಫುಕೆಟ್‌ನಲ್ಲಿ ಒಂಬತ್ತು ದಿನ ನಡೆಯುವ ಸಸ್ಯಾಹಾರ ಉತ್ಸವದ ಹೊತ್ತಿಗೆ ಈ ಬಾವುಟ ಊರು ತುಂಬುತ್ತದೆ. ಕೊರತೆಯೊಂದೇ, ಥಾಯ್ ಊಟದಲ್ಲಿ ಮಜ್ಜಿಗೆ ಇಲ್ಲ. ಸೂಪರ್ ಮಾರ್ಕೆಟ್‌ನಲ್ಲಿ ಸಿಹಿ ಇಲ್ಲದ ಮೊಸರು ಹುಡುಕಿಕೊಳ್ಳಬೇಕು.

ಇಷ್ಟೆಲ್ಲ ಮಾಡಿದರೂ ಪಥ್ಯದಿಂದ ಇಳಿಯುವ ಯೂರಿಕ್ ಆಸಿಡ್ ಸಾಮಾನ್ಯವಾಗಿ 1 ಮಿಲಿಗ್ರಾಂ ಆಸುಪಾಸು. 9 ಇರುವವರು ಎಷ್ಟು ಬಾಯಿ ಕಟ್ಟಿದರೂ 6ರ ಕೆಳಗೆ ಬರುವುದು ಕಷ್ಟ, ಮಾತ್ರೆ ಬೇಕೇ ಬೇಕು. ಹೆಚ್ಚು ಬಳಕೆಯಲ್ಲಿರುವ ಅಲೋಪ್ಯುರಿನಾಲ್‌ಗೆ ಥಾಯ್ಲೆಂಡ್‌ನಲ್ಲಿ ಒಂದು ವಿಶೇಷ ಎಚ್ಚರಿಕೆ ಅಂಟಿಕೊಂಡಿದೆ. ಎಚ್‌ಎಲ್‌ಎ-ಬಿ 58:01 ಎಂಬ ಜೀನ್ ಇರುವವರಲ್ಲಿ ಈ ಮಾತ್ರೆ ಚರ್ಮವೇ ಸುಲಿದುಹೋಗುವಂಥ ಮಾರಕ ಅಲರ್ಜಿ ತರಬಹುದು, ಮತ್ತು ಥಾಯ್ ಜನರಲ್ಲಿ ಈ ಜೀನ್ ಅಪರೂಪವಲ್ಲ. ಅಮೆರಿಕನ್ ಕಾಲೇಜ್ ಆಫ್ ರುಮಟಾಲಜಿಯ 2020ರ ಮಾರ್ಗಸೂಚಿ ಥಾಯ್, ಚೀನೀ, ಕೊರಿಯನ್ ಮೂಲದವರಿಗೆ ಮಾತ್ರೆಗೆ ಮುಂಚೆ ಈ ಪರೀಕ್ಷೆ ಮಾಡಿಸಿ ಎನ್ನುತ್ತದೆ. ಇನ್ನೊಂದು ಅಪಾಯ ಹಳ್ಳಿ ಅಂಗಡಿಗಳಲ್ಲಿ ಕದ್ದುಮುಚ್ಚಿ ಮಾರುವ ‘ಯಾ ಚುಟ್’ ಪೊಟ್ಟಣ. ನಾಲ್ಕಾರು ಬಣ್ಣದ ಮಾತ್ರೆಗಳ ನಡುವೆ ಎಷ್ಟೋ ಸಲ ಸ್ಟೀರಾಯ್ಡ್ ಇರುತ್ತದೆ. ನೋವು ಒಂದೇ ರಾತ್ರಿಯಲ್ಲಿ ಮಾಯ, ಯೂರಿಕ್ ಆಸಿಡ್ ಇದ್ದಲ್ಲೇ ಇರುತ್ತದೆ, ಹರಳು ಬೆಳೆಯುತ್ತಲೇ ಹೋಗುತ್ತದೆ.

ಗೌಟ್ ಇಟ್ಟುಕೊಂಡು ಬ್ಯಾಂಕಾಕ್, ಫುಕೆಟ್ ಪ್ರವಾಸಕ್ಕೆ ಹೊರಟಿರುವವರು ದಿನದ ಮಾತ್ರೆಯನ್ನು ಅಲ್ಲಿದ್ದಷ್ಟು ದಿನವೂ ತಪ್ಪಿಸಬೇಡಿ. ನೋವು ಬಂದಾಗ ಏನು ತೆಗೆದುಕೊಳ್ಳಬೇಕೆಂದು ಹೊರಡುವ ಮೊದಲೇ ನಿಮ್ಮ ವೈದ್ಯರನ್ನು ಕೇಳಿ, ಅದನ್ನು ಕೈಚೀಲದಲ್ಲೇ ಇಟ್ಟುಕೊಳ್ಳಿ. ಬಿ.ಪಿ.ಗೆಂದು ಮೂತ್ರ ಹೆಚ್ಚಿಸುವ ಮಾತ್ರೆ ನುಂಗುತ್ತಿದ್ದರೆ ಅದನ್ನೂ ತಿಳಿಸಿ, ಏಕೆಂದರೆ ಅಂಥ ಕೆಲವು ಮಾತ್ರೆಗಳೇ ಯೂರಿಕ್ ಆಸಿಡ್ ಏರಿಸುತ್ತವೆ.