ಪೊಟ್ಯಾಶ್ ಚೀಲ ಹೊರುವ ಬೈಕಿಗೆ ಯಾವ ಬಣ್ಣ?

ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡದ ಹಳ್ಳಿಗಳಲ್ಲಿ ಬೈಕು ಬರೀ ಓಡಾಟದ ವಾಹನವಲ್ಲ. ಬೆಳಗ್ಗೆ ಡೇರಿಗೆ ಹಾಲಿನ ಕ್ಯಾನು, ಮಧ್ಯಾಹ್ನ ಸೊಸೈಟಿಯಿಂದ ಗೊಬ್ಬರದ ಚೀಲ, ಸಂಜೆ ದನಗಳಿಗೆ ಕಬ್ಬಿನ ಸೋಗೆ. ಗೊಬ್ಬರದಂಗಡಿಯಲ್ಲಿ ಪೊಟ್ಯಾಶ್ ಎಂದು ಕೊಡುವುದು ಬಹುಪಾಲು ಪೊಟ್ಯಾಶಿಯಂ ಕ್ಲೋರೈಡ್. ಅಡುಗೆ ಉಪ್ಪಿನಂತೆ ಅದೂ ಕ್ಲೋರೈಡ್ ಲವಣವೇ. ಹರಿದ ಚೀಲದಿಂದ ಉದುರಿದ ನಾಲ್ಕು ಹರಳು ಮಡ್‌ಗಾರ್ಡಿನ ಸಂದಿಯಲ್ಲಿ ಕೂತು ಇಬ್ಬನಿ ಹೀರಿದರೆ ಸಾಕು, ಕಬ್ಬಿಣ ಅಲ್ಲಿಂದಲೇ ತಿನ್ನಿಸಿಕೊಳ್ಳಲು ಶುರುಮಾಡುತ್ತದೆ. ಅತಿಯಾಗಿ ನೀರು ಹಾಯಿಸಿ ಸವಳು-ಜವಳಾದ ಹೊಲಗಳ ಕೆಸರಿನಲ್ಲೂ ಉಪ್ಪಿದೆ. 2005, 2019, 2021ರಲ್ಲಿ ಕೃಷ್ಣೆ, ದೂಧಗಂಗೆ, ವೇದಗಂಗೆ ಉಕ್ಕಿದಾಗ ನದಿದಂಡೆಯ ಊರುಗಳೇ ನೀರಲ್ಲಿ ನಿಂತವು. ಸಮುದ್ರ ಘಟ್ಟದಾಚೆ ಉಳಿದರೂ ತುಕ್ಕಿಗೆ ಬೇಕಾದ್ದೆಲ್ಲ ಇಲ್ಲಿಯೇ ಇದೆ.

ಹಾಗಾಗಿ ಹಳೆಯ ಗಾಡಿಗೆ ಹೊಸ ಬಣ್ಣ ಮಾಡಿಸಲು ಹೊರಟವರು ಕೆಂಪೋ ನೀಲಿಯೋ ಎಂದು ಯೋಚಿಸುವ ಮೊದಲು ಕೇಳಬೇಕಾದದ್ದು ಬೇರೆ. ಈ ಭಾಗ ಯಾವ ಲೋಹದ್ದು, ಎಷ್ಟು ಕಾಯುತ್ತದೆ, ಇದಕ್ಕೆ ಏನು ತಾಗುತ್ತದೆ? ಇಡೀ ಬೈಕಿಗೆ ಒಂದೇ ಲೇಪನ ಎಂಬುದು ಇಲ್ಲ.

ಫ್ರೇಮು, ಸ್ಟ್ಯಾಂಡು, ಕ್ಯಾರಿಯರ್‌ಗಳು ಉಕ್ಕಿನವು. ಇವಕ್ಕೆ ನನ್ನ ಆಯ್ಕೆ ಪೌಡರ್ ಕೋಟಿಂಗ್. ಇದರಲ್ಲಿ ಥಿನ್ನರ್ ಇಲ್ಲ, ಬ್ರಷ್ ಇಲ್ಲ. ಪಾಲಿಯೆಸ್ಟರ್ ರಾಳ ಮತ್ತು ಬಣ್ಣದ ನುಣ್ಣನೆಯ ಪುಡಿಗೆ ಗನ್ನಿನ ತುದಿಯಲ್ಲಿ ಹತ್ತಾರು ಸಾವಿರ ವೋಲ್ಟಿನ ವಿದ್ಯುದಾವೇಶ ಕೊಟ್ಟು ತೂರುತ್ತಾರೆ. ನೆಲಕ್ಕೆ ಅರ್ಥಿಂಗ್ ಮಾಡಿ ತೂಗುಹಾಕಿದ ಫ್ರೇಮು ಆ ಪುಡಿಯನ್ನು ಸೆಳೆದು ಮೈಗಂಟಿಸಿಕೊಳ್ಳುತ್ತದೆ. ಆಮೇಲೆ ಸುಮಾರು 180ರಿಂದ 200 ಡಿಗ್ರಿ ಸೆಲ್ಸಿಯಸ್‌ನ ಒಲೆಯಲ್ಲಿ ಹತ್ತಿಪ್ಪತ್ತು ನಿಮಿಷ. ಪುಡಿ ಕರಗಿ ಹರಡಿ, ಅಣುಗಳು ಒಂದಕ್ಕೊಂದು ಬೆಸೆದುಕೊಂಡು, 60ರಿಂದ 80 ಮೈಕ್ರಾನ್ ದಪ್ಪದ ಪೊರೆಯಾಗುತ್ತದೆ. ಮತ್ತೆ ಕಾಯಿಸಿದರೂ ಅದು ಕರಗುವುದಿಲ್ಲ. ಎಪಾಕ್ಸಿ ಪುಡಿಯೂ ಸಿಗುತ್ತದೆ, ಅಂಟುವುದರಲ್ಲಿ ಗಟ್ಟಿಗ. ಆದರೆ ಬಯಲುಸೀಮೆಯ ಬಿಸಿಲಿಗೆ ಅದು ಸುಣ್ಣದ ಪುಡಿಯಂತೆ ಬೆಳ್ಳಗಾಗುತ್ತದೆ. ಹೊರಗೆ ನಿಲ್ಲುವ ಗಾಡಿಗೆ ಪಾಲಿಯೆಸ್ಟರೇ ಬೇಕೆಂದು ಕೇಳಿ.

ಪುಡಿಗಿಂತ ದೊಡ್ಡದು ಅದರ ಅಡಿಯ ಕೆಲಸ. ಕಾರ್ಖಾನೆಯವರು ‘ಸೆವೆನ್ ಟ್ಯಾಂಕ್’ ಎನ್ನುವ ಸರಣಿಯಲ್ಲಿ ಜಿಡ್ಡು ತೆಗೆದು, ತುಕ್ಕು ತೆಗೆದು, ನಡುನಡುವೆ ತೊಳೆದು, ಕೊನೆಗೆ ಉಕ್ಕಿನ ಮೇಲೆ ಫಾಸ್ಫೇಟ್ ಹರಳುಗಳ ತೆಳುಪದರ ಬೆಳೆಸುತ್ತಾರೆ. ಬಣ್ಣ ಕಚ್ಚಿ ಹಿಡಿಯುವುದು ಆ ಹರಳುಗಳನ್ನು. ಇದನ್ನು ಬಿಟ್ಟು, ತುಕ್ಕಿನ ಮೇಲೆ ಮರಳು ಕಾಗದ ಉಜ್ಜಿ ಪುಡಿ ಹೊಡೆದರೆ ಮೊದಲ ಮಳೆಗಾಲದವರೆಗೂ ಅದೇ ಹೊಳಪು ಕಾಣುತ್ತದೆ. ಆಮೇಲೆ ಒಂದು ಕಲ್ಲೇಟು ಬಿದ್ದಲ್ಲಿಂದ ತುಕ್ಕು ಪೊರೆಯ ಕೆಳಗೇ ಹರಿದು, ಬಣ್ಣ ಹಾಳೆಹಾಳೆಯಾಗಿ ಏಳುತ್ತದೆ. ಬೆಳಗಾವಿಯ ಉದ್ಯಮಬಾಗಕ್ಕೋ, ನಿಪ್ಪಾಣಿ ದಾಟಿ ಕೊಲ್ಲಾಪುರದ ಗೋಕುಳ ಶಿರಗಾಂವಕ್ಕೋ ಫ್ರೇಮು ಒಯ್ಯುವವರು ಬಣ್ಣದ ಕಾರ್ಡಿಗಿಂತ ಮೊದಲು ಆ ತೊಟ್ಟಿಗಳನ್ನು ನೋಡಲಿ. ಇನ್ನೊಂದು ಮಾತು: ಕೊಳವೆಗಳು ಕೂಡುವ ಒಳಮೂಲೆಗಳಿಗೆ ವಿದ್ಯುತ್ ಕ್ಷೇತ್ರ ಇಳಿಯುವುದಿಲ್ಲ, ಪುಡಿಯೂ ಸರಿಯಾಗಿ ಹೋಗುವುದಿಲ್ಲ. ಕೆಸರು ನಿಲ್ಲುವುದು ಅದೇ ಮೂಲೆಯಲ್ಲಿ. ಅಲ್ಲಿ ಬೆರಳಾಡಿಸಿ ನೋಡಿಯೇ ದುಡ್ಡು ಕೊಡಿ.

ಅಲ್ಯೂಮಿನಿಯಂ ಭಾಗಗಳಿಗೆ ಅನೋಡೈಸಿಂಗ್ ಎಂಬ ಬೇರೆಯೇ ವಿದ್ಯೆ ಇದೆ. ಇಲ್ಲಿ ಹೊರಗಿನಿಂದ ಏನನ್ನೂ ಬಳಿಯುವುದಿಲ್ಲ. ಗಂಧಕಾಮ್ಲದ ತೊಟ್ಟಿಯಲ್ಲಿ ವಿದ್ಯುತ್ ಹರಿಸಿದಾಗ ಲೋಹದ ಮೈಯೇ ಗಟ್ಟಿ ಆಕ್ಸೈಡಾಗುತ್ತದೆ. ಆ ಪದರ ಜೇನುಹುಟ್ಟಿನಂತೆ ಆರು ಮೂಲೆಯ ಕೋಶಗಳಿಂದ ಕಟ್ಟಿರುತ್ತದೆ. ಕೋಶಗಳೊಳಗೆ ಬಣ್ಣ ಇಳಿಸಿ, ಕುದಿನೀರಿನಲ್ಲಿ ಅದ್ದಿದರೆ ಬಾಯಿ ಮುಚ್ಚಿಕೊಳ್ಳುತ್ತವೆ. ಬಣ್ಣ ಲೋಹದೊಳಗೇ ಇರುವುದರಿಂದ ಸಿಪ್ಪೆ ಏಳುವ ಮಾತಿಲ್ಲ. ಲಿವರ್, ಹ್ಯಾಂಡಲ್ ಕ್ಲ್ಯಾಂಪಿಗೆ ಇದು ಚೆಂದ. ಎಂಜಿನ್ ಕವರಿಗೆ ಮಾತ್ರ ಆಸೆಪಡಬೇಡಿ. ಅಚ್ಚಿನಲ್ಲಿ ಎರಕ ಹೊಯ್ಯಲು ಅನುಕೂಲವಾಗಲೆಂದು ಆ ಮಿಶ್ರಲೋಹದಲ್ಲಿ ನೂರಕ್ಕೆ ಹತ್ತರಷ್ಟು ಸಿಲಿಕಾನ್ ಬೆರೆಸಿರುತ್ತಾರೆ, ಬಣ್ಣ ಬೂದುಬೂದಾಗಿ ಮಚ್ಚೆ ಬೀಳುತ್ತದೆ. ಅನೋಡೈಸ್ ಪದರಕ್ಕೆ ಕ್ಷಾರವೂ ಆಗದು. ವಾಷಿಂಗ್ ಸೋಡಾ ಹಾಕಿ ಉಜ್ಜುವವರು, ಸುಣ್ಣ-ಸಿಮೆಂಟು ಹೊರುವವರು ಇದನ್ನು ನೆನಪಿಡಬೇಕು.

ಸೈಲೆನ್ಸರಿನ ಬೆಂಡ್ ಪೈಪು ನೂರಾರು ಡಿಗ್ರಿ ಕಾಯುತ್ತದೆ. ಪೌಡರ್ ಕೋಟಿಂಗ್ ಅಲ್ಲಿ ಸುಟ್ಟು ಕರಕಲಾಗುತ್ತದೆ. ಸಿಲಿಕೋನ್ ರಾಳದ ಶಾಖನಿರೋಧಕ ಬಣ್ಣವೇ ಸರಿ. ಬಳಿದ ಮೇಲೆ ಗಾಡಿ ಸ್ವಲ್ಪ ಸ್ವಲ್ಪವೇ ಕಾಯ್ದಾಗ ಅದು ಗಟ್ಟಿಯಾಗುವುದು.

ಇನ್ನು ಕ್ರೋಮು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ತಯಾರಿಸಿದ ಜಾವಾ, ಯೆಜ್ಡಿಗಳನ್ನು ಇವತ್ತಿಗೂ ಪ್ರೀತಿಯಿಂದ ಇಟ್ಟುಕೊಂಡವರಿದ್ದಾರೆ. ಹಳೆಯ ಜಾವಾ ಟ್ಯಾಂಕಿನ ಬದಿಯ ಕನ್ನಡಿ ಹೊಳಪಿಗೆ ಸಾಟಿಯಿಲ್ಲ ಎಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಅಲಂಕಾರದ ಕ್ರೋಮು ಒಂದು ಮೈಕ್ರಾನೂ ಇರುವುದಿಲ್ಲ. ನಿಜವಾಗಿ ಕಾಯುವುದು ಅದರಡಿಯ ನಿಕಲ್. ಆ ನಿಕಲ್‌ನಲ್ಲಿ ಸೂಜಿಮೊನೆಯಷ್ಟು ತೂತಾದರೆ, ಕೆಳಗಿನ ಉಕ್ಕು ಬರಿಯ ಉಕ್ಕಿಗಿಂತ ಬೇಗ ತುಕ್ಕು ಹಿಡಿಯುತ್ತದೆ. ಏಕೆಂದರೆ ಎರಡು ಲೋಹ ಒದ್ದೆಯಲ್ಲಿ ಕೂಡಿದಾಗ ಹೆಚ್ಚು ಕ್ರಿಯಾಶೀಲವಾದದ್ದು ಸವೆಯುತ್ತದೆ, ಇಲ್ಲಿ ಅದು ಉಕ್ಕು. ನಟ್ಟು-ಬೋಲ್ಟಿನ ಸತುವಿನ ಲೇಪನದಲ್ಲಿ ಇದು ತಿರುಗುಮುರುಗು. ಗೀರು ಬಿದ್ದರೂ ಸತುವು ತಾನು ಸವೆದು ಉಕ್ಕನ್ನು ಉಳಿಸುತ್ತದೆ. ಪೊಟ್ಯಾಶ್ ಹೊರುವ ಗಾಡಿಗೆ ಕ್ರೋಮಿಗಿಂತ ಸತು ಮೇಲು.

ಪೆಟ್ರೋಲ್ ಟ್ಯಾಂಕನ್ನು ಒಲೆಗೆ ಇಡಲು ಒಪ್ಪಬೇಡಿ, ಒಳಗುಳಿದ ಆವಿ ಸಿಡಿಯಬಹುದು. ಅದಕ್ಕೆ ಹಾರ್ಡನರ್ ಬೆರೆಸುವ ಪಿಯು (ಪಾಲಿಯುರೆಥೇನ್) ಬಣ್ಣ ಒಳ್ಳೆಯದು. ಆ ಹಾರ್ಡನರಿನ ಐಸೊಸಯನೇಟ್ ಉಸಿರಿಗೆ ಹೋದರೆ ಅಸ್ತಮಾ ತರಬಹುದು. ಮುಖಕ್ಕೆ ಬರೀ ಟವೆಲ್ ಸುತ್ತಿಕೊಂಡು ಸ್ಪ್ರೇ ಮಾಡುವ ಹುಡುಗನನ್ನು ಕಂಡರೆ ಸರಿಯಾದ ಮಾಸ್ಕ್ ಹಾಕಿಕೊಳ್ಳಲು ಹೇಳಿ. ಡ್ರಮ್ಮಿನ ಒಳಮೈ, ಡಿಸ್ಕು, ಬೇರಿಂಗ್ ಕೂರುವ ಜಾಗ, ಬೋಲ್ಟಿನ ಥ್ರೆಡ್ಡುಗಳಿಗೆ ಯಾವ ಬಣ್ಣವೂ ತಾಗಕೂಡದು. ಮ್ಯಾಗ್ ವ್ಹೀಲನ್ನು ಮಿತಿಮೀರಿ ಕಾಯಿಸಿದರೆ ಅಲ್ಯೂಮಿನಿಯಂ ಮೆತ್ತಗಾಗುತ್ತದೆ.

ಕೊನೆಯದಾಗಿ, ಫ್ರೇಮಿನ ಮೇಲೆ ಕೊರೆದ ಚಾಸಿ ನಂಬರು, ತುಕ್ಕು ತೆಗೆಯಲು ಮರಳು ಚಿಮ್ಮಿಸುವ ಬ್ಲಾಸ್ಟಿಂಗಿನಲ್ಲಿ ಸವೆಯಬಹುದು, ಪುಡಿಯ ಅಡಿಯಲ್ಲಿ ಹೂತೂ ಹೋಗಬಹುದು. ಅದರ ಮೇಲೆ ಶಾಖ ತಡೆಯುವ ಟೇಪು ಅಂಟಿಸಿದ್ದನ್ನು ಕಣ್ಣಾರೆ ನೋಡಿ. ಗಾಡಿಯ ಬಣ್ಣವೇ ಬದಲಾಗುವುದಾದರೆ ಆರ್‌ಸಿಯಲ್ಲೂ ಬದಲಾಗಬೇಕು. ಕೆಎ-23 ನಂಬರಿನ ಗಾಡಿಯವರು ಕೆಲಸಕ್ಕೆ ಮೊದಲೇ ಚಿಕ್ಕೋಡಿಯ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿಕೊಳ್ಳಿ.