ಪತ್ರಿಕಾಲಯದಲ್ಲಿ ಹುಟ್ಟಿದ ಉಪಕರಣ

ಮುಂಬಯಿಯ ನಮ್ಮ ಸಂಘಗಳಲ್ಲಿ ಸದಸ್ಯರ ಯಾದಿ ಒಬ್ಬರ ಕಪಾಟಿನಲ್ಲಿ, ವರ್ಗಣಿಯ ಲೆಕ್ಕ ಇನ್ನೊಬ್ಬರ ವಹಿಯಲ್ಲಿ ಇರುವುದು ವಾಡಿಕೆ. ಕಾರ್ಯದರ್ಶಿಗಳು ಊರಿಗೆ ಮರಳಿದರೆಂದರೆ ಯಾದಿಯೂ ಅವರೊಡನೆ ಹೊರಟಿತು! ಇದಕ್ಕೊಂದು ಜಾಲತಾಣ ಬೇಕೆಂದರೆ, ಅದು ಕಂಪೆನಿಗಳಿಗೆ ಹಣ ಸುರಿದು ಮಾಡಿಸತಕ್ಕ ವಸ್ತುವೆಂದು ನಮ್ಮವರು ಹಿಂಜರಿಯುತ್ತಾರೆ. ಆದುದರಿಂದ ಜ್ಯಾಂಗೋ ಎಂಬ ಉಪಕರಣದ ವಿಚಾರವನ್ನು ವಾಚಕರ ಮುಂದಿಡಬಯಸುತ್ತೇವೆ.

ಇದರ ಜನ್ಮವೃತ್ತಾಂತ ನಮ್ಮಂತಹ ಪತ್ರಿಕೆಯವರಿಗೆ ಅಭಿಮಾನ ತರುವಂಥದು. ಅಮೆರಿಕೆಯ ಕಾನ್ಸಾಸ್ ರಾಜ್ಯದ ಲಾರೆನ್ಸ್ ಎಂಬ ಪಟ್ಟಣದಲ್ಲಿ 'ಲಾರೆನ್ಸ್ ಜರ್ನಲ್-ವರ್ಲ್ಡ್' ಎಂಬ ದಿನಪತ್ರಿಕೆಯುಂಟು. ಅದರ ಜಾಲತಾಣದ ವಿಭಾಗದಲ್ಲಿದ್ದ ಏಡ್ರಿಯನ್ ಹೊಲೊವಾಟಿ ಮತ್ತು ಸೈಮನ್ ವಿಲಿಸನ್ ಎಂಬವರು 2003ರಲ್ಲಿ ಇದರ ಕೆಲಸವನ್ನು ಆರಂಭಿಸಿದರು. ಸುದ್ದಿಗಾರರು ಬೆಳಿಗ್ಗೆ ಕೇಳಿದ ಪುಟ ಸಂಜೆಗೆ ಸಿದ್ಧವಾಗಬೇಕು. ಪತ್ರಿಕಾಲಯದ ಈ ಅವಸರವೇ ಉಪಕರಣದ ತಾಯಿ. 2005ರಲ್ಲಿ ಅದನ್ನು ಸರ್ವರಿಗೂ ಉಚಿತವಾಗಿ ಬಿಟ್ಟುಕೊಡಲಾಯಿತು. ಹೆಸರು ಮಾತ್ರ ಜ್ಯಾಂಗೋ ರೈನ್‌ಹಾರ್ಟ್ ಎಂಬ ಗಿಟಾರ್ ವಾದಕನದು.

ಕೆಲಸವೆಲ್ಲ ನಡೆಯುವುದು ಗಣಕಯಂತ್ರದ ಕಪ್ಪು ಪರದೆಯ ಮೇಲೆ, ಬೆರಳಚ್ಚಿಸಿದ ಆಜ್ಞೆಗಳಿಂದ. ಪೈಥಾನ್ ಭಾಷೆಯನ್ನೂ ಜ್ಯಾಂಗೋವನ್ನೂ ಅಳವಡಿಸಿಕೊಂಡು, 'ಜ್ಯಾಂಗೋ-ಅಡ್ಮಿನ್ ಸ್ಟಾರ್ಟ್‌ಪ್ರಾಜೆಕ್ಟ್' ಎಂದು ಬರೆದು, ಮುಂದೆ ನಮ್ಮ ಯೋಜನೆಯ ಹೆಸರನ್ನಿಟ್ಟರೆ ಕ್ಷಣಮಾತ್ರದಲ್ಲಿ ಆರು ಕಡತಗಳು ಹುಟ್ಟುತ್ತವೆ. ಹೋಟೆಲು ತೆರೆದವರು ಇದರ ಬೆಲೆಯನ್ನು ಬಲ್ಲರು. ಒಲೆ, ನಲ್ಲಿ, ಗಲ್ಲಾಪೆಟ್ಟಿಗೆ ಎಲ್ಲಿರಬೇಕೆಂಬುದು ನಿಶ್ಚಯವಾಗಿರುವ ಜಾಗ ಸಿಕ್ಕಿದಂತೆ. ಅಡಿಗೆ ಮಾತ್ರ ನಮ್ಮದು.

ಅನಂತರ 'ಪೈಥಾನ್ ಮ್ಯಾನೇಜ್.ಪಿವೈ ರನ್‌ಸರ್ವರ್' ಎಂದರೆ ತಾಣವು ಓಡತೊಡಗುತ್ತದೆ. ಬ್ರೌಸರಿನಲ್ಲಿ 127.0.0.1:8000 ಎಂಬ ವಿಳಾಸವನ್ನು ತೆರೆದೊಡನೆ ರಾಕೆಟ್ಟಿನ ಚಿತ್ರವುಳ್ಳ ಪುಟವೊಂದು ಸ್ವಾಗತಿಸುತ್ತದೆ. ಆ ವಿಳಾಸ ನಮ್ಮ ಯಂತ್ರದ್ದೇ, ಹೊರಗಿನವರಿಗೆ ಕಾಣದು. ಇದು ಒಳಗೆ ರುಚಿ ನೋಡುವ ಸೌಟು, ಪಂಕ್ತಿಗೆ ಬಡಿಸುವ ಸಾಧನವಲ್ಲ. ಈ ಸರ್ವರನ್ನು ಸಾರ್ವಜನಿಕರಿಗಾಗಿ ಬಳಸಕೂಡದೆಂದು ಜ್ಯಾಂಗೋದ ಕರ್ತೃಗಳೇ ಸ್ಪಷ್ಟವಾಗಿ ಎಚ್ಚರಿಸಿದ್ದಾರೆ. ಕೆಲವು ತರುಣರು ಇದನ್ನು ಲಕ್ಷಿಸದಿರುವುದು ಸರಿಯಲ್ಲ. ಲೋಕಕ್ಕೆ ತೋರಿಸುವಾಗ ಬೇರೆ ಸರ್ವರ್ ಬೇಕು, 'ಡೀಬಗ್' ಎಂಬ ಸೂಚನೆಯನ್ನೂ ಆರಿಸಬೇಕು. ಇಲ್ಲವಾದರೆ ತಪ್ಪು ಸಂಭವಿಸಿದಾಗ ಒಳಮನೆಯ ಗುಟ್ಟೆಲ್ಲ ಪರದೆಯ ಮೇಲೆ ಬಯಲಾಗುತ್ತದೆ.

ನಮಗೆ ಅತ್ಯಂತ ಉಪಯುಕ್ತವೆಂದು ತೋರಿದ್ದು ಇದರ ಆಡಳಿತ ವಿಭಾಗ. 'ಸ್ಟಾರ್ಟ್‌ಆ್ಯಪ್' ಆಜ್ಞೆಯಿಂದ ಸದಸ್ಯರ ವಿಭಾಗವನ್ನು ನಿರ್ಮಿಸಿ, ಹೆಸರು, ವಿಳಾಸ, ಸೇರಿದ ವರ್ಷ ಇವಿಷ್ಟನ್ನು ಒಂದು ಕಡತದಲ್ಲಿ ವಿವರಿಸಬೇಕು. ವಿಭಾಗದ ಹೆಸರನ್ನು ಸೆಟ್ಟಿಂಗ್ಸ್ ಕಡತದ ಯಾದಿಗೆ ಸೇರಿಸಿ, 'ಮೇಕ್‌ಮೈಗ್ರೇಷನ್ಸ್', 'ಮೈಗ್ರೇಟ್' ಎಂಬೆರಡು ಆಜ್ಞೆಗಳನ್ನಿತ್ತರೆ ಕೋಷ್ಟಕ ಸಿದ್ಧ. 'ಕ್ರಿಯೇಟ್‌ಸೂಪರ್‌ಯೂಸರ್' ಎಂಬುದು ಮೇಲ್ವಿಚಾರಕರಿಗೆ ಗುಪ್ತಪದವನ್ನು ಕೊಡುತ್ತದೆ. ಇನ್ನೆರಡು ಸಾಲು ಬರೆದರೆ, ಹೆಸರು ಸೇರಿಸುವ, ತಿದ್ದುವ, ಅಳಿಸುವ ಪುಟಗಳು ತಾವಾಗಿಯೇ ಒದಗುತ್ತವೆ. ಪತ್ರಿಕೆಯ ಸಂಪಾದಕರು ಬಳಸಲೆಂದು ರೂಪಿಸಿದ ಏರ್ಪಾಡಾದುದರಿಂದ ಗಣಕಶಾಸ್ತ್ರ ಅರಿಯದವರಿಗೂ ಇದು ಸುಲಭ. ಸೆಟ್ಟಿಂಗ್ಸ್ ಕಡತದಲ್ಲಿ ಭಾಷೆಯನ್ನು 'ಕೆಎನ್' ಎಂದು ಬದಲಿಸಿದರೆ ಈ ಪುಟಗಳು ಕೆಲಮಟ್ಟಿಗೆ ಕನ್ನಡದಲ್ಲಿಯೇ ಮಾತನಾಡುತ್ತವೆ. ಉಳಿದುದನ್ನು ಕನ್ನಡಿಸುವ ಅವಕಾಶ ಎಲ್ಲರಿಗೂ ತೆರೆದಿದೆ.

ಹಾಗೆಂದು ಯಾವುದೇ ಶ್ರಮವಿಲ್ಲವೆಂದು ನಾವು ಹೇಳಲಾರೆವು. ಪೈಥಾನ್ ಕಲಿಯಲೇಬೇಕು. ಆದರೆ ಇಂಜಿನಿಯರಿಂಗ್ ಓದುವ ಮಕ್ಕಳಿಲ್ಲದ ಕನ್ನಡಿಗರ ಚಾಳಾಗಲಿ ಸೊಸೈಟಿಯಾಗಲಿ ಇಂದು ವಿರಳ. ಸಂಘದ ಹಿರಿಯರು ಅವರನ್ನು ಕರೆದು ಯಾದಿಯನ್ನು ಕೈಗೊಪ್ಪಿಸಲಿ. ಬೇರೆ ಏರ್ಪಾಡು ಮಾಡದ ಹೊರತು ಈ ಮಾಹಿತಿಯೆಲ್ಲ ಎಸ್‌ಕ್ಯೂಲೈಟ್ ಎಂಬ ಪದ್ಧತಿಯ ಒಂದೇ ಕಡತದಲ್ಲಿರುತ್ತದೆ. ವಾರಕ್ಕೊಮ್ಮೆ ಅದರ ಪ್ರತಿಯೊಂದನ್ನು ತೆಗೆದು ಬೇರೊಬ್ಬ ಪದಾಧಿಕಾರಿಯ ಮನೆಯಲ್ಲಿ ಭದ್ರಪಡಿಸಬೇಕು. ಕಾರ್ಯದರ್ಶಿಗಳು ಬದಲಾಗುವಾಗ ಕಚೇರಿಯ ಬೀಗದ ಕೈಯೊಡನೆ ಗುಪ್ತಪದವನ್ನೂ ಹಸ್ತಾಂತರಿಸತಕ್ಕದ್ದು.